ನೇಮ್‌ಸರ್ವರ್ ಪುಟ ಚೆನ್ನಾಗಿದೆ, ಆದರೆ ಹಳೇ ದಾಖಲೆಗಳನ್ನು ಅಳಿಸಿಬಿಡುತ್ತಾರೆ

ಈ ಕಂಪನಿಯಲ್ಲಿ ಡೊಮೇನ್ ಇಟ್ಟುಕೊಂಡು ಐದಾರು ವರ್ಷವಾಯಿತು. ಹೆಸರು ಹೇಳುವುದಿಲ್ಲ. ನಾನು ಬರೆಯುತ್ತಿರುವುದು ಅವರ ಒಂದೇ ಒಂದು ಪುಟದ ಬಗ್ಗೆ, ಅಂಥ ಪುಟ ಎಲ್ಲಾ ಡೊಮೇನ್ ಕಂಪನಿಯಲ್ಲೂ ಇರುತ್ತದೆ. ಅದು ನೇಮ್‌ಸರ್ವರ್ (ನಮ್ಮ ಡೊಮೇನ್‌ನ ಸೈಟ್, ಮೇಲ್ ಎಲ್ಲಿವೆ ಅಂತ ಕೇಳಿದವರಿಗೆ ಉತ್ತರ ಕೊಡುವ ಸರ್ವರ್) ಬದಲಿಸುವ ಪುಟ. ಮಿಕ್ಕ ವಿವರ, ಪ್ಲ್ಯಾನು, ರಿಯಾಯಿತಿ ಎಲ್ಲ ನೀವು ನೋಡಿಯೇ ಇರುತ್ತೀರಿ.

ಬದಲಿಸುವ ಅಗತ್ಯ ಯಾಕೆ ಬಂತು ಅಂದರೆ, ಇವರ ಡಿಎನ್‌ಎಸ್‌ಗೆ (ಆ ಉತ್ತರಗಳ ದಾಖಲೆಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ) ಎಪಿಐ ಇಲ್ಲ, ಅಂದರೆ ಸ್ಕ್ರಿಪ್ಟ್‌ನಿಂದ ದಾಖಲೆ ಬದಲಿಸುವ ದಾರಿ ಇಲ್ಲ. ನಾನು ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಉಚಿತ ಸೇವೆಯಿಂದ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ (ಡೊಮೇನ್‌ನ ಎಲ್ಲ ಉಪಹೆಸರುಗಳಿಗೂ ಆಗುವ ಸುರಕ್ಷತಾ ಪ್ರಮಾಣಪತ್ರ) ತಗೊಳ್ಳುತ್ತೇನೆ. ಅದರ ಅವಧಿ 90 ದಿನ. ಪ್ರತಿ ಸಲ ನವೀಕರಿಸುವಾಗ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ (ಬರೀ ಪಠ್ಯದ) ದಾಖಲೆ ಹಾಕಿ, ಡೊಮೇನ್ ನಮ್ಮದೇ ಅಂತ ತೋರಿಸಬೇಕು. ಎಪಿಐ ಇದ್ದರೆ ಸ್ಕ್ರಿಪ್ಟ್ ತಾನೇ ಹಾಕುತ್ತದೆ. ಇಲ್ಲದಿದ್ದರೆ ಲಾಗಿನ್ ಆಗು, ಓಟಿಪಿ ಕೊಡು, ಪೇಸ್ಟ್ ಮಾಡು, ಕಾಯಿ. ಸಾಕಾಗಿತ್ತು. ಡೊಮೇನ್ ಇಲ್ಲೇ ಇರಲಿ, ಡಿಎನ್‌ಎಸ್ ಮಾತ್ರ ಬೇರೆ ಕಡೆ ಹೋಗಲಿ ಅಂತ ತೀರ್ಮಾನಿಸಿದೆ. ಹಾಗೆ ಮಾಡಲು ಬೇಕಾಗಿರುವುದು ಇಷ್ಟೇ: ನೇಮ್‌ಸರ್ವರ್ ಹೆಸರು ಬದಲಿಸುವುದು.

ಆ ಪುಟ ನಿಜಕ್ಕೂ ಚೆನ್ನಾಗಿದೆ. ಮೆನುವಿನಲ್ಲಿ ಹುಡುಕಾಡಬೇಕಿಲ್ಲ, ಡೊಮೇನ್ ಹೆಸರು ಒತ್ತಿದರೆ ಮೊದಲಿಗೆ ಕಾಣುವುದೇ ಅದು. ಹೊಸ ನೇಮ್‌ಸರ್ವರ್ ಹೆಸರಿನ ಕೊನೆಗೆ ಚುಕ್ಕಿ ಇದ್ದರೂ, ಹಿಂದೆಮುಂದೆ ಖಾಲಿ ಜಾಗ ಇದ್ದರೂ ತಾನೇ ಸರಿಮಾಡಿಕೊಳ್ಳುತ್ತದೆ. ಒಂದೇ ಹೆಸರು ಕೊಟ್ಟರೆ ಒಪ್ಪುವುದಿಲ್ಲ, ಕನಿಷ್ಠ ಎರಡು ಕೇಳುತ್ತದೆ. ನನಗೆ ತುಂಬಾ ಇಷ್ಟವಾದದ್ದು, ಹಿಂದೆ ಇದ್ದ ನೇಮ್‌ಸರ್ವರ್‌ಗಳ ಪಟ್ಟಿ ಕೆಳಗೇ ಇರುತ್ತದೆ. ಬೇಕೆನಿಸಿದರೆ ಒಂದೇ ಕ್ಲಿಕ್‌ಗೆ ವಾಪಸ್.

ಬದಲಾವಣೆಗೆ ಮುಂಚಿನ ತಯಾರಿ ನನಗೆ ಇಷ್ಟದ ಕೆಲಸ. ಹಿಂದಿನ ದಿನವೇ ಕೂತು ಹಳೇ ದಾಖಲೆಗಳನ್ನೆಲ್ಲ ಒಂದು ಶೀಟಿಗೆ ಬರೆದುಕೊಳ್ಳುತ್ತೇನೆ. ಸೈಟಿನ ಐಪಿ ವಿಳಾಸ ಹೇಳುವ ಎ ದಾಖಲೆ, ಒಂದು ಹೆಸರನ್ನು ಇನ್ನೊಂದಕ್ಕೆ ತೋರಿಸುವ ಸಿನೇಮ್‌ಗಳು, ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ಎಂಎಕ್ಸ್, ಆಮೇಲೆ ಟಿಎಕ್ಸ್‌ಟಿ. ಈ ಟಿಎಕ್ಸ್‌ಟಿ ಹತ್ತಿರ ನಿಧಾನಿಸಬೇಕು. ಡಿಕಿಮ್ ಕೀ (ಮೇಲ್ ಮೇಲಿನ ನಮ್ಮ ಸಹಿ ಪರೀಕ್ಷಿಸಲು ಬಳಸುವ ಕೀ) 2048 ಬಿಟ್‌ನದ್ದಾದರೆ ಉದ್ದ ಜಾಸ್ತಿ. ಟಿಎಕ್ಸ್‌ಟಿಯಲ್ಲಿ ಒಂದು ತುಂಡಿಗೆ 255 ಅಕ್ಷರವೇ ಮಿತಿ, ಹಾಗಾಗಿ ಅದು ಎರಡು ತುಂಡಾಗಿ ಕೂತಿರುತ್ತದೆ. ಇವರ ಪಟ್ಟಿಯಲ್ಲಿ ಕೀ ಅರ್ಧ ಕಂಡು, ಮುಂದೆ ಮೂರು ಚುಕ್ಕಿ. ಅಲ್ಲಿಂದ ಕಾಪಿ ಮಾಡಿದರೆ ಮೂರು ಚುಕ್ಕಿಯೇ ಬರುತ್ತದೆ. ಎಡಿಟ್ ಒತ್ತಿ, ಒಳಗಿನ ಬಾಕ್ಸಿನಿಂದಲೇ ತೆಗೆದುಕೊಳ್ಳಬೇಕು. ಇದಾದ ಮೇಲೆ ಟಿಟಿಎಲ್ (ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಅಂಕಿ) ಎಲ್ಲ 300 ಸೆಕೆಂಡಿಗೆ ಇಳಿಸಿ, ಹೊಸ ಸರ್ವರನ್ನೇ ನೇರವಾಗಿ ಡಿಗ್ ಆಜ್ಞೆಯಿಂದ ಕೇಳಿ, ಒಂದೊಂದೇ ಸಾಲು ಶೀಟಿನ ಜೊತೆ ತಾಳೆ ನೋಡುತ್ತೇನೆ. ಎಲ್ಲ ಸರಿಯಿದ್ದರೆ ಮಾತ್ರ ಸೇವ್.

ಸೇವ್ ಒತ್ತಿದ ಮೇಲೆ ನೋಡಬೇಕಾದ ಜಾಗ ಒಂದಿದೆ. ನನ್ನ ಡೊಮೇನ್ ಡಾಟ್ ಕಾಮ್, ಅದನ್ನು ನಡೆಸುವುದು ವೆರಿಸೈನ್ ಕಂಪನಿ. ಅವರ ಸರ್ವರನ್ನೇ ಕೇಳಿದರೆ ಕೆಲವೇ ನಿಮಿಷದಲ್ಲಿ ನನ್ನ ಹೊಸ ನೇಮ್‌ಸರ್ವರ್ ಹೆಸರು ಬಂತು. ಪಕ್ಕದಲ್ಲಿ 172800 ಅಂತ ಒಂದು ಅಂಕಿ. ಸೆಕೆಂಡಿನಲ್ಲಿ ಬರೆದ 48 ಗಂಟೆ ಅದು. ಅಂದರೆ ಈ ಮಾಹಿತಿ ಪಡೆದ ಯಾವ ರಿಸಾಲ್ವರ್ (ನಮ್ಮ ಪರವಾಗಿ ಡಿಎನ್‌ಎಸ್ ಕೇಳಿಕೊಡುವ ಸರ್ವರ್) ಬೇಕಾದರೂ ಅದನ್ನು ಎರಡು ದಿನ ನೆನಪಿಟ್ಟುಕೊಳ್ಳಬಹುದು. ಬದಲಾವಣೆಗೆ ಒಂದು ಗಂಟೆ ಮುಂಚೆ ಕೇಳಿದವರ ಬಳಿ ಇರುವುದು ಹಳೇ ಉತ್ತರ, ಅದರ ಅವಧಿ ಇನ್ನೂ 47 ಗಂಟೆ ಇದೆ. ಈ ಅಂಕಿ ಇಳಿಸುವುದು ನಮ್ಮ ಕೈಯಲ್ಲಿಲ್ಲ, ನಮ್ಮ ದಾಖಲೆಗಳ ಟಿಟಿಎಲ್ ಎಷ್ಟೇ ಇಳಿಸಿದರೂ ಸರಿ. ಅದಕ್ಕೇ ಆ ಎರಡು ದಿನ ಹಳೇ ಸರ್ವರ್ ಕೂಡ ಸರಿಯಾದ ಉತ್ತರ ಕೊಡುತ್ತಲೇ ಇರಬೇಕು. ಎರಡೂ ಕಡೆ ಒಂದೇ ದಾಖಲೆ ಇದ್ದರೆ ಯಾರು ಎಲ್ಲಿ ಕೇಳಿದರೂ ಸೈಟ್ ತೆರೆಯುತ್ತದೆ.

ನನಗೆ ಸಿಟ್ಟು ಬಂದದ್ದು ಇಲ್ಲೇ. ಇವರು ಹಳೇ ದಾಖಲೆಗಳನ್ನು ಸೇವ್ ಒತ್ತಿದ ಕ್ಷಣವೇ ಅಳಿಸಿಬಿಡುತ್ತಾರೆ.

ಮೊಬೈಲ್ ಡೇಟಾದಲ್ಲಿ ಸೈಟ್ ತೆರೆಯುತ್ತಿತ್ತು, ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಇಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಸ್ಥಿತಿ. ಇವರ ಹಳೇ ಸರ್ವರನ್ನು ಡಿಗ್‌ನಿಂದ ಕೇಳಿದೆ. ಬಂದ ಉತ್ತರ ಒಂದೇ ಪದ: ರೆಫ್ಯೂಸ್ಡ್. ಆ ಡೊಮೇನ್ ತನಗೆ ಗೊತ್ತೇ ಇಲ್ಲ ಅನ್ನುವ ಹಾಗೆ. ಪ್ಯಾನೆಲ್‌ನಲ್ಲಿ ಡಿಎನ್‌ಎಸ್ ದಾಖಲೆಗಳ ಪುಟ ಮಾಯವಾಗಿತ್ತು. ಒಂದೇ ಕ್ಲಿಕ್‌ಗೆ ವಾಪಸ್ ಅಂದೆನಲ್ಲ, ಅದನ್ನು ಇನ್ನೊಂದು ಡೊಮೇನ್‌ನಲ್ಲಿ ಒತ್ತಿ ನೋಡಿದೆ. ನೇಮ್‌ಸರ್ವರ್ ಹೆಸರು ವಾಪಸ್ ಬರುತ್ತದೆ, ದಾಖಲೆಗಳ ಪಟ್ಟಿ ಖಾಲಿ. ನನ್ನ ಬಳಿ ಶೀಟ್ ಇತ್ತು. ಇಲ್ಲದವರು ಏನು ಮಾಡಬೇಕು?

ಗೂಗಲ್‌ನ 8.8.8.8 ಮತ್ತು ಕ್ಲೌಡ್‌ಫ್ಲೇರ್‌ನ 1.1.1.1 ಬಳಸುವವರಿಗೆ ಬೇಗ ಸರಿಹೋಯಿತು. ಆ ಎರಡಕ್ಕೂ ಹಳೇ ಉತ್ತರ ಮರೆಸುವ ಪುಟಗಳಿವೆ, ಯಾರು ಬೇಕಾದರೂ ಹೋಗಿ ಒತ್ತಬಹುದು. ಇಂಟರ್ನೆಟ್ ಕಂಪನಿಗಳ ಸ್ವಂತ ರಿಸಾಲ್ವರ್‌ಗಳಿಗೆ ನನಗೆ ಅಂಥದ್ದೇನೂ ಸಿಗಲಿಲ್ಲ. ಕಾಯಬೇಕಾಯಿತು. ಮನೆಯ ರಿಸಾಲ್ವರನ್ನು ಆಗಾಗ ಕೇಳಿ ಆ ಅಂಕಿ ಇಳಿಯುವುದನ್ನು ನೋಡುತ್ತಾ ಕೂತೆ. ಮೇಲ್ ಕಳೆದುಹೋಗಲಿಲ್ಲ, ಅದು ಪುಣ್ಯ. ಡಿಎನ್‌ಎಸ್ ಉತ್ತರ ಸಿಗದಿದ್ದರೆ ಕಳಿಸುವ ಸರ್ವರ್ ಮೇಲನ್ನು ಸಾಲಿನಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲ ಬಂದವು, ಆದರೆ ತೀರಾ ತಡವಾಗಿ.

ಸಪೋರ್ಟ್‌ಗೆ ಬರೆದೆ. ಹುಡುಗ ಮರ್ಯಾದೆಯಿಂದಲೇ ಮಾತಾಡಿದ. ‘ಸರ್, 24ರಿಂದ 48 ಗಂಟೆ ಕಾಯಿರಿ’ ಅಂದ. ಹಳೇ ದಾಖಲೆಗಳನ್ನು ಎರಡೇ ದಿನ ಉಳಿಸಿ ಅಂತ ಕೇಳಿದರೆ, ಸಿಸ್ಟಮ್ ಹಾಗೆ ಮಾಡುವುದಿಲ್ಲ ಅನ್ನುವ ಉತ್ತರ ಬಂತು. 48 ಗಂಟೆ ಅಂತ ಅವರ ಪುಟದಲ್ಲೇ ಬರೆದಿದೆ. ಆ 48 ಗಂಟೆ ಹಳೇ ಸರ್ವರನ್ನು ಕೇಳುವವರು ಇರುತ್ತಾರೆ ಅಂತ ಗೊತ್ತಿದ್ದೇ ಬರೆದಿದ್ದಾರೆ. ಗೊತ್ತಿದ್ದೂ ಅಳಿಸುವುದು ಯಾಕೆ? ಕೆಲವು ಸಾಲು ಪಠ್ಯವನ್ನು ಎರಡು ದಿನ ಇಟ್ಟುಕೊಳ್ಳಲು ಎಷ್ಟು ಜಾಗ ಬೇಕು? ಹೋಗಲಿ, ‘ನಿಮ್ಮ ದಾಖಲೆಗಳು ಈಗಲೇ ಅಳಿಸಿಹೋಗುತ್ತವೆ’ ಅಂತ ಒಂದು ಸಾಲಾದರೂ ಬೇಡವಾ?

ಎಚ್ಚರಿಕೆ ಕೊಡುವುದು ಇವರಿಗೆ ಗೊತ್ತಿಲ್ಲ ಅಂತಲ್ಲ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕುವ ವ್ಯವಸ್ಥೆ) ವಿಷಯದಲ್ಲಿ ಚೆನ್ನಾಗಿಯೇ ಕೊಡುತ್ತಾರೆ. ಡೊಮೇನ್‌ಗೆ ಡಿಎಸ್ ದಾಖಲೆ (ಆ ಸಹಿಯ ಕೀ ಯಾವುದು ಅಂತ ಡಾಟ್ ಕಾಮ್‌ನಂಥ ಮೇಲಿನ ಹಂತದಲ್ಲಿ ಇಡುವ ಗುರುತು) ಇದ್ದರೆ, ನೇಮ್‌ಸರ್ವರ್ ಬದಲಿಸಲು ಹೋದ ತಕ್ಷಣ ಕೆಂಪು ಪಟ್ಟಿ ಬರುತ್ತದೆ: ಮೊದಲು ಡಿಎಸ್ ತೆಗೆಯಿರಿ. ಅದು ಬಹಳ ಮುಖ್ಯ. ಡಿಎಸ್ ಹಳೇ ಕೀಯನ್ನೇ ತೋರಿಸುತ್ತಿದ್ದು, ಹೊಸ ಸರ್ವರ್ ಬೇರೆ ಸಹಿ ಹಾಕಿದರೆ ಅಥವಾ ಸಹಿಯೇ ಹಾಕದಿದ್ದರೆ, ಸಹಿ ಪರೀಕ್ಷಿಸುವ ರಿಸಾಲ್ವರ್‌ಗಳು ಸೈಟನ್ನು ತೋರಿಸುವುದೇ ಇಲ್ಲ. ಡಾಟ್ ಕಾಮ್‌ನಲ್ಲಿ ಡಿಎಸ್‌ನ ಅವಧಿ 86400 ಸೆಕೆಂಡ್, ಅಂದರೆ ಒಂದು ದಿನ. ಹಾಗಾಗಿ ಡಿಎಸ್ ತೆಗೆದು, ಒಂದು ದಿನ ಪೂರ್ತಿ ಬಿಟ್ಟು, ಆಮೇಲೆ ಬದಲಿಸಿ. ಕೆಂಪು ಪಟ್ಟಿಯಲ್ಲಿ ಈ ಒಂದು ದಿನದ ಮಾತೂ ಇದೆ. ಇಷ್ಟು ಯೋಚಿಸಿ ಬರೆದವರು ದಾಖಲೆ ಅಳಿಸುವ ವಿಷಯದಲ್ಲಿ ಯಾಕೆ ಸುಮ್ನಿದ್ದಾರೋ.

ಇಷ್ಟಾದರೂ ಡೊಮೇನ್‌ಗಳನ್ನು ಇಲ್ಲಿಂದ ತೆಗೆದಿಲ್ಲ. ನವೀಕರಣದ ನೆನಪೋಲೆ ಸಮಯಕ್ಕೆ ಬರುತ್ತದೆ, ಡೊಮೇನನ್ನು ಬೇರೆಯವರು ವರ್ಗಾಯಿಸದಂತೆ ತಡೆಯುವ ಲಾಕ್ ಗಟ್ಟಿಯಾಗಿದೆ, ಬೇಡದ ಪ್ಯಾಕೇಜು ತಲೆಗೆ ಕಟ್ಟುವುದಿಲ್ಲ. ನನ್ನದು ಸಣ್ಣ ಬಜೆಟ್, ಡೊಮೇನ್ ಇಡಲು ಇದಕ್ಕಿಂತ ಜಾಸ್ತಿ ಬೇಕಿಲ್ಲ. ಆದರೆ ಇವರ ಡಿಎನ್‌ಎಸ್ ಮಾತ್ರ ಬಳಸಬೇಡಿ. ಹೊಸ ಡೊಮೇನ್ ಕೊಂಡ ದಿನವೇ, ಸೈಟ್ ಶುರುವಾಗುವ ಮುಂಚೆಯೇ, ನೇಮ್‌ಸರ್ವರನ್ನು ಬೇರೆ ಡಿಎನ್‌ಎಸ್ ಸೇವೆಗೆ ತಿರುಗಿಸಿಬಿಡಿ. ಆಗ ಯಾರೂ ನೋಡುತ್ತಿರುವುದಿಲ್ಲ, ನಷ್ಟವಿಲ್ಲ. ಸೈಟ್ ಈಗಾಗಲೇ ಇವರ ಡಿಎನ್‌ಎಸ್‌ನಲ್ಲಿ ನಡೆಯುತ್ತಿದ್ದರೆ, ಜನ ಕಡಿಮೆ ಬರುವ ದಿನ ನೋಡಿ ಬದಲಿಸಿ. ಬೇರೆ ಕಂಪನಿ ಹುಡುಕುತ್ತಿರುವವರು ಹಣ ಕೊಡುವ ಮುಂಚೆ ಸಪೋರ್ಟ್‌ಗೆ ಒಂದೇ ಪ್ರಶ್ನೆ ಕೇಳಿ: ‘ನಾನು ನೇಮ್‌ಸರ್ವರ್ ಬದಲಿಸಿದ ಮೇಲೂ ನಿಮ್ಮ ಸರ್ವರ್ ಎರಡು ದಿನ ಹಳೇ ಉತ್ತರ ಕೊಡುತ್ತದಾ?’ ಉತ್ತರವನ್ನು ಬರಹದಲ್ಲೇ ತಗೊಳ್ಳಿ.

ಐದಕ್ಕೆ ಮೂರು ಸ್ಟಾರ್. ಹಳೇ ದಾಖಲೆಗಳನ್ನು 48 ಗಂಟೆ ಉಳಿಸಲು ಶುರುಮಾಡಿದ ದಿನ ಇದನ್ನು ನಾಲ್ಕೂವರೆ ಮಾಡುತ್ತೇನೆ.