ಮನೆಯ ಅಭ್ಯಾಸಕ್ಕೆ ಮೂರು ವ್ಯಾಟ್ ಸಾಕು

ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಭ್ಯಾಸ ಮಾಡಲು ಯಾವ ಆಂಪ್ (ಗಿಟಾರಿನ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆ) ಒಳ್ಳೆಯದು ಎಂದು ಯಾರು ಕೇಳಿದರೂ ನಾನು ಹೇಳುವ ಹೆಸರು ರೋಲ್ಯಾಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್. ಮೂರು ವ್ಯಾಟ್, ಐದು ಇಂಚಿನ ಸ್ಪೀಕರ್ ಎಂದರೆ ಮೂಗು ಮುರಿಯುವವರೇ ಹೆಚ್ಚು. ಅವರೆಲ್ಲ ನಮ್ಮ ಮನೆಯಲ್ಲಿದ್ದ 15 ವ್ಯಾಟಿನ ಪೆಟ್ಟಿಗೆಯನ್ನು ಒಮ್ಮೆ ನುಡಿಸಿ ನೋಡಬೇಕಿತ್ತು. ಅದರ ಹೆಸರು ಬೇಡ.

ಆ ಪೆಟ್ಟಿಗೆಯಲ್ಲಿ ಎಲ್ಲ ಸರಿಯಿತ್ತು, ವಾಲ್ಯೂಮ್ ನಾಬ್ ಒಂದನ್ನು ಬಿಟ್ಟು. ಸೊನ್ನೆಯಿಂದ ಒಂದರ ತನಕ ತಿರುಗಿಸಿದರೂ ಉಸಿರಿಲ್ಲ. ಒಂದನ್ನು ಕೂದಲೆಳೆಯಷ್ಟು ದಾಟಿತೋ, ಪಕ್ಕದ ಫ್ಲ್ಯಾಟಿನವರಿಗೂ ಕೇಳಬೇಕು. ನಾನು ಅಭ್ಯಾಸಕ್ಕೆ ಕೂರುವುದು ಬೆಳಗಿನ ಜಾವ. ಉಗುರಿನ ತುದಿಯಿಂದ ನಾಬನ್ನು ತಟ್ಟಿ ತಟ್ಟಿ ಹದ ಹುಡುಕಿ, ಸಿಕ್ಕಿತು ಎಂದು ಮೀಟಿದರೆ, ದಪ್ಪ ತಂತಿಯೊಂದು ಗುಡುಗಿ, ಒಳಕೋಣೆಯಿಂದ "ಇದೇನು ಹೊತ್ತು ಗೊತ್ತಿಲ್ಲವೇ?" ಎಂಬ ಮಂಗಳಾರತಿ.

ವ್ಯಾಟ್ ಹತ್ತು ಪಟ್ಟಾದರೂ ನಮ್ಮ ಕಿವಿಗೆ ಸದ್ದು ಸುಮಾರು ಎರಡು ಪಟ್ಟಾದಂತಷ್ಟೇ ಕೇಳುತ್ತದೆ. ಹಾಗಾಗಿ ನಾಬಿನೊಳಗೆ ಸದ್ದನ್ನು ಏರಿಳಿಸುವ ಭಾಗ, ಅಂದರೆ ಪೊಟೆನ್ಷಿಯೋಮೀಟರ್ ಕೂಡ ಕಿವಿಯ ಲೆಕ್ಕಕ್ಕೆ ಹೊಂದುವಂತೆ ಮೊದಲು ನಿಧಾನವಾಗಿ, ಆಮೇಲೆ ಬೇಗ ಏರುವ ಲಾಗರಿದಮಿಕ್ ಬಗೆಯದಾಗಿರಬೇಕು. ತಿರುಗಿಸಿದಷ್ಟೇ ಸಮನಾಗಿ ಏರುವ ಲೀನಿಯರ್ ಬಗೆಯದನ್ನು ಕೂರಿಸಿದರೆ ಕಿವಿಗೆ ಏರಿಕೆಯೆಲ್ಲ ಶುರುವಿನಲ್ಲೇ ಮುಗಿದು, ಉಳಿದ ತಿರುಗು ದಂಡ. ಗಿಟಾರಿನ ವಾಲ್ಯೂಮನ್ನೇ ತಗ್ಗಿಸಿ ಎನ್ನುತ್ತಾರೆ. ಮಾಡಿ ನೋಡಿದ್ದೇನೆ. ಸದ್ದಿನ ಜೊತೆ ಟ್ರೆಬಲ್ಲೂ, ಅಂದರೆ ನಾದದ ಚುರುಕೂ, ಸೋರಿಹೋಗುತ್ತದೆ. ನಾನು ನುಡಿಸುವುದು ಕರ್ನಾಟಕ ಸಂಗೀತ. ತೋಡಿ ರಾಗದ ಗಾಂಧಾರ ಕಂಬಳಿ ಹೊದ್ದು ಹಾಡಿದಂತೆ ಕೇಳಿದರೆ ಗಮಕ ಸರಿಬಿತ್ತೋ ಇಲ್ಲವೋ ಯಾರಿಗೆ ತಿಳಿಯಬೇಕು?

ಮೈಕ್ರೋ ಕ್ಯೂಬಿನಲ್ಲಿ ಮಾತಿನ ಮಟ್ಟಕ್ಕಿಂತ ಕೆಳಗೆ ಇಳಿಸಿದರೂ ಸ್ವರ ಸ್ಪಷ್ಟ. ಅದರ ಎಂಟು ಬಗೆಯ ನಾದಗಳಲ್ಲಿ ನನಗೆ ಬೇಕಾದ್ದು ಒಂದೇ, ಜೆಸಿ ಕ್ಲೀನ್. ಅದೇ ಕಂಪನಿ 1975ರಲ್ಲಿ ತಂದ ಜಾಝ್ ಕೋರಸ್ ಆಂಪಿನ ನೆರಳು ಅದು. ಮೊಬೈಲಿನ ತಂಬೂರಿಯೂ ಅದೇ ಸ್ಪೀಕರಿನಿಂದ ಬರುತ್ತದೆ, ಆದರೆ ವೈರ್ ಎಳೆದುಕೊಂಡು: ಬ್ಲೂಟೂತ್ ಇಲ್ಲ. ಹೆಡ್‌ಫೋನ್ ತೂತಿಲ್ಲದ ಹೊಸ ಮೊಬೈಲುಗಳಿಗೆ ಕನ್ವರ್ಟರ್ ಬೇರೆ ಬೇಕು; ಅದು ಯಾವಾಗಲೂ ಕಳೆದುಹೋಗಿರುತ್ತದೆ. ಆರು ಎಎ ಸೆಲ್ ಹಾಕಿಟ್ಟರೆ ಕರೆಂಟಿನ ಹಂಗಿಲ್ಲ.

ನಾದದ ಮಾತೊಂದೇ ಆದರೆ ಯಮಾಹಾ ಟಿಎಚ್‌ಆರ್10-II ಮುಂದೆ. ಎರಡು ಸ್ಪೀಕರ್, ಸ್ಟೀರಿಯೋ, ಬ್ಲೂಟೂತ್. ಸ್ನೇಹಿತರ ಮನೆಯಲ್ಲಿ ನುಡಿಸಿದಾಗ ಎದ್ದು ಬರಲು ಮನಸ್ಸಾಗಲಿಲ್ಲ. ಆದರೆ ಬೆಲೆ ನನ್ನ ಕೈಗೆ ಭಾರ. ವೈರ್‌ಲೆಸ್ ಮಾದರಿಯನ್ನು ಬಿಟ್ಟರೆ ಬ್ಯಾಟರಿಯಿಲ್ಲ. ಕರೆಂಟ್ ಹೋದರೆ ಅಂದಿನ ಅಭ್ಯಾಸಕ್ಕೆ ಮಂಗಳ.

ಇನ್ನೊಂದು ದಾರಿ ಹೆಡ್‌ಫೋನಿಗೆಂದೇ ಇರುವ ಪುಟ್ಟ ಆಂಪ್: ವಾಕ್ಸ್ ಆಂಪ್ಲಗ್ ಅನ್ನು ಗಿಟಾರಿಗೆ ಸಿಕ್ಕಿಸಿ, ಅದಕ್ಕೆ ಹೆಡ್‌ಫೋನ್ ಸಿಕ್ಕಿಸಿದರೆ ಆಯಿತು. ಎಲ್ಲಕ್ಕಿಂತ ಅಗ್ಗ, ಜೇಬಿನಲ್ಲಿ ಹಿಡಿಯುತ್ತದೆ. ಹಾಸ್ಟೆಲಿನಲ್ಲಿರುವವರು, ತೊಟ್ಟಿಲಲ್ಲಿ ಮಗುವಿರುವವರು ಇದನ್ನೇ ಕೊಳ್ಳಲಿ. ನನಗಂತೂ ಅರ್ಧ ಗಂಟೆಯಲ್ಲಿ ಕಿವಿ ಕಾಯುತ್ತದೆ, ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ತಪ್ಪುತ್ತದೆ.

ಯಾವುದನ್ನೇ ಕೊಳ್ಳಿ, ಅಂಗಡಿಯವರು ಜೋರಾಗಿ ಇಟ್ಟು ಕೇಳಿಸಲು ಬಂದರೆ ತಡೆಯಿರಿ. ಸದ್ದನ್ನು ಇಬ್ಬರು ಮಾತನಾಡುವಷ್ಟಕ್ಕೆ ಇಳಿಸಿಕೊಡಲು ಹೇಳಿ, ಆಮೇಲೆ ನುಡಿಸಿ ನೋಡಿ.