ಪ್ರಾಜೆಕ್ಟ್ ಸಹಾಯಕರ ಸಂಬಳ: ಏಪ್ರಿಲ್ ತಿಂಗಳದ್ದು ಎಲ್ಲಿಂದ?

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಗೆ ವಿದ್ಯಾರ್ಥಿಗಳನ್ನು ಸಹಾಯಕರಾಗಿ ತೆಗೆದುಕೊಳ್ಳಲು ಸಾಮಾನ್ಯವಾಗಿ ನಾಲ್ಕು ದಾರಿಗಳಿವೆ: ಎಎನ್‌ಆರ್‌ಎಫ್ ಪ್ರಾಜೆಕ್ಟ್ (ವಿಜ್ಞಾನ ಸಂಶೋಧನೆಗೆ ಅನುದಾನ ಕೊಡುವ ಕೇಂದ್ರದ ಸಂಸ್ಥೆ, ಮೊದಲಿನ ಎಸ್‌ಇಆರ್‌ಬಿ), ಐಸಿಎಸ್‌ಎಸ್‌ಆರ್ ಪ್ರಾಜೆಕ್ಟ್ (ಸಮಾಜ ವಿಜ್ಞಾನ ಸಂಶೋಧನೆಗೆ ಅನುದಾನ ಕೊಡುವ ಕೇಂದ್ರದ ಮಂಡಳಿ), ವಿಶ್ವವಿದ್ಯಾಲಯದ್ದೇ ಸೀಡ್ ಮನಿ (ಸಣ್ಣ ಆರಂಭಿಕ ಅನುದಾನ), ತಮ್ಮ ಫೆಲೋಶಿಪ್ ತಾವೇ ತರುವ ಅಭ್ಯರ್ಥಿ. ಮೊತ್ತ ನೋಡಿಕೊಂಡು ಆರಿಸಿದವರು ಎರಡನೇ ವರ್ಷದ ಏಪ್ರಿಲ್‌ನಲ್ಲಿ ಪೇಚಿಗೆ ಸಿಕ್ಕುತ್ತಾರೆ. ಆ ತಿಂಗಳ ಸಂಬಳ ಯಾವ ಖಾತೆಯಿಂದ ಆಗುತ್ತದೆ ಎಂಬ ಒಂದು ಪ್ರಶ್ನೆ ಹಿಡಿದು ಈ ನಾಲ್ಕನ್ನೂ ತೂಗಿ ನೋಡಬೇಕು.

ಎಎನ್‌ಆರ್‌ಎಫ್‌ನಲ್ಲಿ ದುಡ್ಡಿಗೆ ಕೊರತೆಯಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) 2023ರ ಜೂನ್ ಆದೇಶದ ಪ್ರಕಾರ ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೋ) ತಿಂಗಳಿಗೆ 37,000, ಎಸ್‌ಆರ್‌ಎಫ್‌ಗೆ (ಹಿರಿಯ ಸಂಶೋಧನಾ ಫೆಲೋ) 42,000 ರೂಪಾಯಿ. ಇದರ ಮೇಲೆ ಮನೆ ಬಾಡಿಗೆ ಭತ್ಯೆ: ಬೆಂಗಳೂರಿನಲ್ಲಿ ಶೇ 30, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ಶೇ 20, ಉಳಿದೆಡೆ ಶೇ 10. ಹಾಗಾಗಿ ಅದೇ ಜೆಆರ್‌ಎಫ್‌ಗೆ ಬೆಂಗಳೂರಿನಲ್ಲಿ 48,100, ಮೈಸೂರಿನಲ್ಲಿ 44,400, ಶಿವಮೊಗ್ಗದಲ್ಲಿ 40,700. ಹಾಸ್ಟೆಲ್ ಕೊಟ್ಟಿದ್ದರೆ ಈ ಭತ್ಯೆ ಇಲ್ಲ.

ಪ್ರಸ್ತಾವನೆ ಬರೆಯುವಾಗ ಅತಿ ಹೆಚ್ಚು ಬಿಟ್ಟುಹೋಗುವುದು ಈ ಬಾಡಿಗೆ ಭತ್ಯೆಯೇ. ಬೆಂಗಳೂರಿನಲ್ಲಿ ಮೂರು ವರ್ಷದ ಪ್ರಾಜೆಕ್ಟ್, ಎರಡು ವರ್ಷ ಜೆಆರ್‌ಎಫ್, ಮೂರನೇ ವರ್ಷ ಎಸ್‌ಆರ್‌ಎಫ್ ಎಂದಿಟ್ಟುಕೊಳ್ಳಿ. ಬರೀ ಫೆಲೋಶಿಪ್ ಲೆಕ್ಕ ಹಾಕಿದರೆ 13,92,000. ಭತ್ಯೆ ಸೇರಿದರೆ 18,09,600. ಆ 4,17,600 ರೂಪಾಯಿಯನ್ನು ಆಮೇಲೆ ಕೆಮಿಕಲ್, ಗಾಜಿನ ಸಾಮಾನಿನ ಬಾಬ್ತಿನಿಂದ ಎಳೆದುಕೊಳ್ಳೋಣವೆಂದರೆ ಅನುದಾನ ಕೊಟ್ಟ ಸಂಸ್ಥೆಯ ಅನುಮತಿ ಬೇಕು. ಅದಕ್ಕೊಂದು ಫೈಲ್ ಹೊರಡುತ್ತದೆ, ಫೈಲ್‌ಗೆ ಅವಸರವಿರುವುದಿಲ್ಲ.

ನಿಜವಾದ ತೊಡಕು ಮಾರ್ಚ್ 31ರದ್ದು. ಪ್ರಾಜೆಕ್ಟ್ ಯಾವ ತಿಂಗಳಲ್ಲೇ ಶುರುವಾಗಲಿ, ಲೆಕ್ಕ ಹಣಕಾಸು ವರ್ಷಕ್ಕೇ ಮುಗಿಯುತ್ತದೆ. ಜೂನ್‌ನಲ್ಲಿ ಮಂಜೂರಾತಿ ಬಂತು, ಜಾಹೀರಾತಿನ ಟಿಪ್ಪಣಿ ಕುಲಸಚಿವರ ಮೇಜು ದಾಟಿ, ಆಯ್ಕೆ ಸಮಿತಿ ಕೂತು, ಅಭ್ಯರ್ಥಿ ಸೇರುವಷ್ಟರಲ್ಲಿ ನವೆಂಬರ್ 1 ಆಯಿತು ಎನ್ನಿ. ಬೆಂಗಳೂರಿನ ಜೆಆರ್‌ಎಫ್ ಆದರೆ ಮಾರ್ಚ್ ಕೊನೆಗೆ ಐದೇ ತಿಂಗಳ ಸಂಬಳ ಖರ್ಚು: 2,40,500. ಬಂದದ್ದು ಹನ್ನೆರಡು ತಿಂಗಳ 5,77,200 ಆಗಿದ್ದರೆ 3,36,700 ಉಳಿಕೆ. ಈ ಉಳಿಕೆ ಕೇಂದ್ರದ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯ ಬಳಕೆ ಪ್ರಮಾಣಪತ್ರದಲ್ಲಿ ಕಾಣಬೇಕು, ಮುಂದಿನ ಕಂತಿನಲ್ಲಿ ಅದು ಹೊಂದಾಣಿಕೆಯಾಗುತ್ತದೆ. ಖರ್ಚಿನ ಪಟ್ಟಿಗೆ ಹಣಕಾಸು ಅಧಿಕಾರಿಯ ಸಹಿ ಬೀಳುವುದು ತಡವಾದಷ್ಟೂ ಕಂತೂ ತಡ, ಏಪ್ರಿಲ್ ಸಂಬಳ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಖಾತೆಯಲ್ಲಿ ಬಡ್ಡಿ ಬಂದಿದ್ದರೆ ಅದನ್ನು ಭಾರತಕೋಶ್ ಎಂಬ ಆನ್‌ಲೈನ್ ಪಾವತಿ ತಾಣದ ಮೂಲಕ ಸರ್ಕಾರಕ್ಕೆ ಕಟ್ಟಿ ರಸೀದಿ ಲಗತ್ತಿಸಬೇಕು. ರಸೀದಿ ಇಲ್ಲದೆ ಹೋದ ಕಡತ ವಾಪಸ್ ಬರುತ್ತದೆ.

ಇದಕ್ಕೆ ಮೂರು ಮುಂಜಾಗ್ರತೆ ಸಾಕು. ಮಂಜೂರಾತಿ ಪತ್ರ ಬಂದ ದಿನವೇ ಜಾಹೀರಾತಿನ ಕರಡು ಕಳಿಸುವುದು. ನೇಮಕಾತಿ ಆದೇಶದಲ್ಲಿ ‘ಅನುದಾನ ಬಿಡುಗಡೆಗೆ ಒಳಪಟ್ಟು’ ಎಂದು ಬರೆದು, ಅದರ ಅರ್ಥವನ್ನು ಅಭ್ಯರ್ಥಿಗೆ ಬಾಯಿಬಿಟ್ಟು ಹೇಳುವುದು. ಮೂರನೆಯದು, ಪ್ರಾಜೆಕ್ಟ್‌ಗಳಿಂದ ವಿಶ್ವವಿದ್ಯಾಲಯಕ್ಕೆ ಸೇರುವ ಓವರ್‌ಹೆಡ್ (ಆಡಳಿತ ವೆಚ್ಚದ ಪಾಲು) ಹಣದಿಂದ ಎರಡು-ಮೂರು ತಿಂಗಳ ಸಂಬಳವನ್ನು ಮುಂಗಡವಾಗಿ ಕೊಟ್ಟು, ಕಂತು ಬಂದಮೇಲೆ ತುಂಬಿಕೊಳ್ಳಲು ಫೆಬ್ರುವರಿಯಲ್ಲೇ ಒಪ್ಪಿಗೆ ಪಡೆದಿಡುವುದು. ಏಪ್ರಿಲ್ ಸಂಬಳ ಉಳಿಯುವುದು ಬಹುಮಟ್ಟಿಗೆ ಇದರಿಂದಲೇ.

ಒಂದು ಮಿತಿ: ಎಎನ್‌ಆರ್‌ಎಫ್‌ನದು ಪೂರ್ಣಾವಧಿಯ ಹುದ್ದೆ. ತರಗತಿಗೆ ಹೋಗುತ್ತಿರುವ ಎಂಎಸ್ಸಿ ವಿದ್ಯಾರ್ಥಿಗೆ ಇಲ್ಲಿ ಜಾಗವಿಲ್ಲ. ನೆಟ್ ಅಥವಾ ಗೇಟ್ ಅರ್ಹತಾ ಪರೀಕ್ಷೆ ಪಾಸಾಗದವರಿಗೆ ಕಡಿಮೆ ಸಂಬಳದ ಪ್ರಾಜೆಕ್ಟ್ ಹುದ್ದೆಗಳೇ ಗತಿ.

ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ ಇನ್ನಷ್ಟು ಬಗ್ಗುತ್ತದೆ, ಪೂರ್ಣಾವಧಿ, ಅರೆಕಾಲಿಕ ಎರಡಕ್ಕೂ ಅವಕಾಶವಿದೆ. ಆದರೆ ಸಿಬ್ಬಂದಿ ವೆಚ್ಚ ಒಟ್ಟು ಬಜೆಟ್‌ನ ಶೇ 45 ದಾಟುವಂತಿಲ್ಲ. 10 ಲಕ್ಷದ ಎರಡು ವರ್ಷದ ಅಧ್ಯಯನವಾದರೆ ಇದು 4.5 ಲಕ್ಷ, 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 18,750. ಒಬ್ಬರನ್ನು ಎರಡೂ ವರ್ಷ ಇಟ್ಟುಕೊಳ್ಳುವ ಆಸೆ ಬಿಡುವುದೇ ವಾಸಿ. ಪ್ರಶ್ನಾವಳಿ ಸಿದ್ಧವಾದಮೇಲೆ ಕ್ಷೇತ್ರಕಾರ್ಯದ ನಾಲ್ಕೈದು ತಿಂಗಳಿಗೆ ಇಬ್ಬರು, ಡೇಟಾ ಎಂಟ್ರಿ ಮತ್ತು ವಿಶ್ಲೇಷಣೆಗೆ ಮುಂದೆ ಒಬ್ಬರು, ಹೀಗೆ ಹಂಚಿದರೆ ದುಡ್ಡು ಬಾಳುತ್ತದೆ. ಕೊನೆಯ ಕಂತು ಬರುವುದು ಅಂತಿಮ ವರದಿ ಒಪ್ಪಿಗೆಯಾದ ಮೇಲೆ. ಅದನ್ನು ನಂಬಿಕೊಂಡು ಯಾರಿಗೂ ಸಂಬಳದ ಮಾತು ಕೊಡಬೇಡಿ.

ಸೀಡ್ ಮನಿ ಚಿಕ್ಕ ಗಂಟು. ರಜೆಯಲ್ಲಿ ನಾಲ್ವರು ಎಂಎಸ್ಸಿ ವಿದ್ಯಾರ್ಥಿಗಳಿಗೆ ತಿಂಗಳಿಗೆ 5,000ದಂತೆ ಎರಡು ತಿಂಗಳು ಗೌರವಧನ ಕೊಟ್ಟರೂ 40,000ಕ್ಕೆ ಮುಗಿಯಿತು. ಆಡಿಟ್ ಆಕ್ಷೇಪಣೆ ಏಳುವುದು ಮೊತ್ತಕ್ಕಲ್ಲ, ದರಕ್ಕೆ: ‘ಈ ದರ ಯಾರು ನಿಗದಿ ಮಾಡಿದ್ದು?’ ಕೆಲಸ ಶುರುವಾಗುವ ಮೊದಲೇ ದರಕ್ಕೆ ಲಿಖಿತ ಅನುಮೋದನೆ, ದಿನದ ಹಾಜರಿ ಪಟ್ಟಿ, ವಿದ್ಯಾರ್ಥಿಯ ಸ್ವಂತ ಬ್ಯಾಂಕ್ ಖಾತೆಗೆ ಪಾವತಿ, ಇಷ್ಟಿದ್ದರೆ ಸಾಕು. ಕನ್ಸ್ಯೂಮಬಲ್ಸ್ (ಬಳಸಿ ಮುಗಿಯುವ ಸಾಮಾನು) ಬಿಲ್ಲಿನೊಳಗೆ ಗೌರವಧನ ತುರುಕುವ ಜಾಣತನ ಬೇಡ.

ನೆಟ್-ಜೆಆರ್‌ಎಫ್ ಅಥವಾ ಡಿಎಸ್‌ಟಿಯ ಇನ್‌ಸ್ಪೈರ್ ಫೆಲೋಶಿಪ್ ಹೊತ್ತು ಬರುವವರಿಂದ ಪ್ರಾಜೆಕ್ಟ್‌ಗೆ ಒಂದು ಪೈಸೆಯೂ ಖರ್ಚಿಲ್ಲ, ಮಾರ್ಚ್ 31ರ ಭಯವೂ ಇಲ್ಲ. ಆದರೆ ಅವರು ನೀವು ನೇಮಿಸಿಕೊಂಡವರಲ್ಲ. ಅವರ ಹೊತ್ತು ಅವರ ಪಿಎಚ್‌ಡಿಗೆ ಸೇರಿದ್ದು. ಪಿಎಚ್‌ಡಿ ವಿಷಯ ಪ್ರಾಜೆಕ್ಟ್‌ನ ವಿಷಯಕ್ಕೆ ಹೊಂದಿದರೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ; ಹೊಂದದಿದ್ದರೆ ಅವರಿಂದ ಸರ್ವೆ ಫಾರಂ ತುಂಬಿಸುವುದು ಅನ್ಯಾಯ. ಎರಡು ವರ್ಷವಾದ ಮೇಲೆ ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರಲು ಸಮಿತಿಯ ವರದಿ ಬೇಕು. ಆ ಸಭೆ ಮುಂದೆ ಹೋದಷ್ಟು ದಿನ 37,000ದಲ್ಲೇ ಇರಬೇಕು. ಯುಜಿಸಿ ಫೆಲೋಶಿಪ್ ಆದರೆ ಕೆನರಾ ಬ್ಯಾಂಕಿನ ಪೋರ್ಟಲ್‌ನಲ್ಲಿ ವಿಶ್ವವಿದ್ಯಾಲಯದ ಮೇಕರ್ (ಮಾಹಿತಿ ತುಂಬುವವರು) ತಿಂಗಳ ದೃಢೀಕರಣ ಹಾಕಿ, ಚೆಕರ್ (ಪರಿಶೀಲಿಸುವವರು) ಒಪ್ಪಬೇಕು. ಚೆಕರ್ ರಜೆಯ ಮೇಲಿದ್ದರೆ ಆ ತಿಂಗಳ ಹಣ ಅಲ್ಲೇ ನಿಲ್ಲುತ್ತದೆ, ಆದ್ದರಿಂದ ಅವರ ರಜೆಯ ದಿನಗಳನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ.