ಸಿಯಾಟಲ್‌ನಲ್ಲಿ ಇಳಿದು ವ್ಯಾಂಕೂವರ್‌ನಲ್ಲಿ ಹಡಗು ಹತ್ತುವುದು: ಕ್ಯಾಸ್ಕೇಡ್ಸ್ ರೈಲಿನ ಅನುಭವ

ಊರಿನಿಂದ ಬಂದ ತಂದೆತಾಯಿಯರನ್ನು ಅಲಾಸ್ಕಾದ ಹಡಗುಯಾನಕ್ಕೆ ಕರೆದೊಯ್ಯಬೇಕೆಂಬ ಆಸೆ ಅಮೆರಿಕದಲ್ಲಿ ನೆಲೆಸಿರುವ ಅನೇಕ ಕನ್ನಡಿಗರಿಗೆ ಇರುತ್ತದೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗುಗಳು ಬೇಕಾದಷ್ಟಿವೆ. ಆದರೆ ಒಂದೇ ದಿಕ್ಕಿನಲ್ಲಿ ಉತ್ತರಕ್ಕೆ ಸಾಗಿ, ಸೂವರ್ಡ್‌ನಲ್ಲೋ ವಿಟಿಯರ್‌ನಲ್ಲೋ ಇಳಿದು, ಅಲಾಸ್ಕಾದ ಒಳನಾಡನ್ನೂ ನೋಡಬೇಕೆನ್ನುವವರು ಕೆನಡಾದ ವ್ಯಾಂಕೂವರ್‌ನಲ್ಲಿಯೇ ಹಡಗು ಹತ್ತಬೇಕಾಗುತ್ತದೆ. ವಿದೇಶಿ ಧ್ವಜದ ಹಡಗುಗಳು ಅಮೆರಿಕದ ಒಂದು ಬಂದರಿನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಅಮೆರಿಕದ್ದೇ ಇನ್ನೊಂದು ಬಂದರಿನಲ್ಲಿ ಇಳಿಸಿಬಿಡುವುದನ್ನು 1886ರ ಕಾಯಿದೆಯೊಂದು ತಡೆಯುತ್ತದೆ. ದೊಡ್ಡ ವಿಹಾರದ ಹಡಗುಗಳಲ್ಲಿ ಬಹುತೇಕ ಎಲ್ಲವೂ ವಿದೇಶಿ ಧ್ವಜದವೇ. ಹೀಗಾಗಿ ಹಡಗು ಕೆನಡಾದಲ್ಲಿ, ಅಗ್ಗದ ವಿಮಾನ ಅಮೆರಿಕದಲ್ಲಿ ಎಂಬ ಪರಿಸ್ಥಿತಿ.

ಕಳೆದ ಬೇಸಿಗೆಯಲ್ಲಿ ನಾನು, ನನ್ನ ಪತ್ನಿ ಹಾಗೂ ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮ, ಒಟ್ಟು ನಾಲ್ವರು, ಸ್ಯಾನ್ ಹೋಸೆಯಿಂದ ಸಿಯಾಟಲ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಅಮೆರಿಕದ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆಯಾದ ಆಮ್‌ಟ್ರ್ಯಾಕ್‌ನ ಕ್ಯಾಸ್ಕೇಡ್ಸ್ ರೈಲಿನಲ್ಲಿ ಗಡಿ ದಾಟಿ ವ್ಯಾಂಕೂವರ್ ತಲುಪಿದೆವು. ಅದೇ ದಾರಿಯನ್ನು ಹಿಡಿಯಲು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ, ಏಕೆಂದರೆ ಈ ದಾರಿಯನ್ನು ಹಿಡಿಯುವುದೇ ಹಣದ ಕಾರಣಕ್ಕೆ. ನಾವು ಟಿಕೆಟ್ ಕೊಂಡ ದಿನ ವ್ಯಾಂಕೂವರ್ ವಿಮಾನಕ್ಕಿಂತ ಸಿಯಾಟಲ್ ವಿಮಾನ ತಲಾ 190 ಡಾಲರ್ ಅಗ್ಗವಾಗಿತ್ತು, ಅಂದರೆ ನಾಲ್ವರಿಗೆ 760. ಇದರಲ್ಲಿ ರೈಲಿಗೆ ತಲಾ 45ರಂತೆ 180, ವಿಮಾನ ನಿಲ್ದಾಣದಿಂದ ನಗರಕ್ಕೆ ಹೋಗುವ ಲಘು ರೈಲಿಗೆ ತಲಾ 3ರಂತೆ 12, ಸಿಯಾಟಲ್‌ನಲ್ಲಿ ಒಂದು ರಾತ್ರಿ ತಂಗಲು ನಾಲ್ವರಿಗೂ ಸೇರಿ ಒಂದೇ ಕೋಣೆಗೆ 180 ಡಾಲರ್ ಕಳೆದರೆ ಉಳಿದದ್ದು 388. ವ್ಯಾಂಕೂವರ್‌ನ ಹೋಟೆಲನ್ನು ನಾನು ಇದರಲ್ಲಿ ಸೇರಿಸಿಲ್ಲ. ಹೇಗೆ ಹೋದರೂ ಹಡಗಿನ ಹಿಂದಿನ ರಾತ್ರಿ ಅಲ್ಲಿರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇದೇ ಲೆಕ್ಕವನ್ನು ಇಬ್ಬರಿಗೆ ಹಾಕಿದರೆ ಉಳಿಯುವುದು ನೂರು ಡಾಲರ್ ಆಸುಪಾಸು ಮಾತ್ರ. ಒಬ್ಬರೇ ಹೋಗುವುದಾದರೆ ಕೈಯಿಂದಲೇ ಹೋಗುತ್ತದೆ. ವಿಮಾನ ಮಧ್ಯಾಹ್ನದೊಳಗೆ ಇಳಿಯುವುದಾದರೆ ಸಂಜೆಯ ರೈಲನ್ನೇ ಹಿಡಿದು ಸಿಯಾಟಲ್‌ನ ಹೋಟೆಲ್ ಖರ್ಚನ್ನು ತಪ್ಪಿಸಬಹುದು, ಆದರೆ ಆ ರೈಲು ವ್ಯಾಂಕೂವರ್ ಸೇರುವುದು ರಾತ್ರಿ ಬಹಳ ಹೊತ್ತಾದ ಮೇಲೆ. ಎಪ್ಪತ್ತು ದಾಟಿದ ಅಪ್ಪನನ್ನೂ ಮಂಡಿನೋವಿನ ಅಮ್ಮನನ್ನೂ ಹಾಗೆ ದಣಿಸಲು ನನಗೆ ಮನಸ್ಸು ಬರಲಿಲ್ಲ.

ವೀಸಾ ವಿಷಯದಲ್ಲಿ ನಮ್ಮವರು ಎಡವುವುದನ್ನು ಹಲವು ಬಾರಿ ನೋಡಿದ್ದೇನೆ. ಅಮೆರಿಕದ ಗ್ರೀನ್ ಕಾರ್ಡ್ ಇರುವ ಭಾರತೀಯರು ಪಾಸ್‌ಪೋರ್ಟ್ ಮತ್ತು ಆ ಕಾರ್ಡ್ ತೋರಿಸಿ ಕೆನಡಾಕ್ಕೆ ಹೋಗಬಹುದು. ಆದರೆ ಎಚ್-1ಬಿ ವೀಸಾದಲ್ಲಿರುವವರಿಗೂ, ಅಮೆರಿಕದ ಸಂದರ್ಶಕ ವೀಸಾದಲ್ಲಿ ಬಂದಿರುವ ತಂದೆತಾಯಿಯರಿಗೂ ಕೆನಡಾದ ವೀಸಾ ಪ್ರತ್ಯೇಕವಾಗಿ ಬೇಕೇ ಬೇಕು. ಅರ್ಜಿಗೆ ತಲಾ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಭಾವಚಿತ್ರಕ್ಕೆ ತಲಾ 85. ನೇರವಾಗಿ ವ್ಯಾಂಕೂವರ್‌ಗೆ ವಿಮಾನದಲ್ಲಿ ಹೋದರೂ ಇದು ತಪ್ಪದ ಖರ್ಚಾದ್ದರಿಂದ ಮೇಲಿನ ಲೆಕ್ಕಕ್ಕೆ ಇದನ್ನು ತಂದಿಲ್ಲ. ಅಪ್ಪ ಅಮ್ಮ ಊರು ಬಿಡುವ ಮೊದಲೇ ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ವೀಸಾ ಪಡೆದುಕೊಂಡದ್ದು ಬಹಳ ಒಳ್ಳೆಯದಾಯಿತು. ಇನ್ನೊಂದು ಮಾತು: ಹಡಗು ಮತ್ತೆ ಅಮೆರಿಕದ ನೆಲಕ್ಕೇ ಹೋಗುವುದರಿಂದ ಹಿರಿಯರ ಅಮೆರಿಕ ವೀಸಾ ಹಲವು ಪ್ರವೇಶಗಳಿಗೆ ಅವಕಾಶವಿರುವಂಥದ್ದೇ ಎಂಬುದನ್ನು ಮುದ್ರೆ ನೋಡಿ ಖಚಿತಪಡಿಸಿಕೊಳ್ಳಬೇಕು.

ಬಸ್ಸನ್ನು ಬಿಟ್ಟು ರೈಲನ್ನು ಆರಿಸಿದ್ದಕ್ಕೆ ಹಿಂದಿನ ಅನುಭವವೇ ಕಾರಣ. ಎರಡು ವರ್ಷಗಳ ಹಿಂದೆ ನಾನು ಮತ್ತು ಪತ್ನಿ ಇದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದೆವು, ಅದೂ ಹಡಗು ಹೊರಡುವ ದಿನವೇ. ಸುಮಾರು 230 ಕಿಲೋಮೀಟರ್ ದೂರದ ದಾರಿಯನ್ನು ನಾಲ್ಕು ಗಂಟೆಗಳಲ್ಲಿ ಮುಗಿಸುತ್ತೇವೆಂದು ಹೇಳಿದ್ದ ಬಸ್ಸು ಹೊರಟದ್ದೇ ಮುಕ್ಕಾಲು ಗಂಟೆ ತಡವಾಗಿ. ಗಡಿಯಲ್ಲಿ ಎಲ್ಲರೂ ಕೆಳಗಿಳಿದು, ಬಸ್ಸಿನ ಹೊಟ್ಟೆಯೊಳಗಿನ ಪೆಟ್ಟಿಗೆಗಳನ್ನೆಲ್ಲ ತೆಗೆಸಿ, ಎಳೆದುಕೊಂಡು ಹೋಗಿ ಸಾಲಿನಲ್ಲಿ ನಿಂತು, ಆಮೇಲೆ ಮತ್ತೆ ತುಂಬಬೇಕು. ನಮ್ಮ ಮುಂದೆ ಇನ್ನೂ ಎರಡು ಬಸ್ಸುಗಳಿದ್ದವು. ಹಡಗು ಹತ್ತುವವರ ತಪಾಸಣೆ ಮುಗಿಯಲು ಇಪ್ಪತ್ತೈದು ನಿಮಿಷ ಉಳಿದಿರುವಾಗ ನಾವು ಬಂದರು ಮುಟ್ಟಿದೆವು. ಆ ದಿನ ಅನುಭವಿಸಿದ ಆತಂಕ ನನಗೆ ಇಂದಿಗೂ ನೆನಪಿದೆ, ಹಡಗು ನಮಗಾಗಿ ಕಾಯುವುದಿಲ್ಲವೆಂಬುದು ಆಗ ಚೆನ್ನಾಗಿ ಅರ್ಥವಾಯಿತು. ಬಾಡಿಗೆ ಕಾರಿನ ವಿಚಾರವನ್ನು ಹೆಚ್ಚು ಬೆಳೆಸುವುದಿಲ್ಲ: ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಡಲು ಕೇಳುವ ಶುಲ್ಕವೇ ಉಳಿತಾಯವನ್ನೆಲ್ಲ ನುಂಗುತ್ತದೆ.

ಇನ್ನು ರೈಲು. ಸೀಟ್ಯಾಕ್ ವಿಮಾನ ನಿಲ್ದಾಣದಿಂದ ಲಘು ರೈಲು ಚೈನಾಟೌನ್ ನಿಲ್ದಾಣಕ್ಕೆ ಸುಮಾರು ಮೂವತ್ತೈದು ನಿಮಿಷಗಳಲ್ಲಿ ತರುತ್ತದೆ. ಅಲ್ಲಿಂದ ಕಿಂಗ್ ಸ್ಟ್ರೀಟ್ ರೈಲು ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. 1906ರಲ್ಲಿ ತೆರೆದ ಈ ನಿಲ್ದಾಣದ ಗಡಿಯಾರ ಗೋಪುರ ವೆನಿಸ್ಸಿನ ಸೇಂಟ್ ಮಾರ್ಕ್ ಗಂಟೆಗೋಪುರದ ಮಾದರಿಯದು. ಒಳಗಿನ ಬಿಳಿಯ ಕೆತ್ತನೆಯ ಚಾವಣಿಯನ್ನು ಅಪ್ಪ ಕತ್ತೆತ್ತಿ ನೋಡುತ್ತಲೇ ಇದ್ದರು. ಹತ್ತುವ ಮೊದಲೇ ಪಾಸ್‌ಪೋರ್ಟ್ ಪರಿಶೀಲಿಸುತ್ತಾರೆ, ಆದ್ದರಿಂದ ಕಾಗದಪತ್ರ ಪೆಟ್ಟಿಗೆಯ ತಳದಲ್ಲಿರಬಾರದು. ಉತ್ತರಕ್ಕೆ ಹೋಗುವಾಗ ಎಡಗಡೆಯ ಆಸನ ಸಿಗುವಂತೆ ನೋಡಿಕೊಳ್ಳಿ. ನಗರ ದಾಟಿದೊಡನೆ ಎಡ್ಮಂಡ್ಸ್‌ನಿಂದ ಎವರೆಟ್‌ವರೆಗೆ ಹಳಿ ಪ್ಯೂಜೆಟ್ ಸೌಂಡ್ ಎಂಬ ಕಡಲ ಕೊಲ್ಲಿಯ ನೀರಿನ ಅಂಚಿನಲ್ಲೇ ಸಾಗುತ್ತದೆ. ಬೆಲಿಂಗ್‌ಹ್ಯಾಮ್ ಸಮೀಪಿಸುವಾಗ ಒಂದು ಬದಿ ಬಂಡೆ, ಇನ್ನೊಂದು ಬದಿ ಸಮುದ್ರ. ಕಾರವಾರದ ಕಡೆಯ ಕೊಂಕಣ ರೈಲಿನಲ್ಲಿ ಕೂತಂತಿದೆ ಎಂದರು ಅಮ್ಮ. ನೀರು ಮಾತ್ರ ಬೂದುಬಣ್ಣದ್ದು, ಆಚೆ ದಡದಲ್ಲಿ ಹಿಮದ ಬೆಟ್ಟಗಳು.

ಬ್ಲೇನ್ ಎಂಬಲ್ಲಿ ಗಡಿ. 1921ರಲ್ಲಿ ಲೋಕಾರ್ಪಣೆಗೊಂಡ ಬಿಳಿಯ ಶಾಂತಿ ಕಮಾನು ಎರಡೂ ದೇಶಗಳ ಗೆರೆಯ ಮೇಲೆಯೇ ನಿಂತಿದೆ, ರೈಲು ಅದರ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಬಸ್ಸಿನಲ್ಲಿ ನಾವು ಪೆಟ್ಟಿಗೆ ಎಳೆದಾಡಿದ್ದ ಅದೇ ಗಡಿಯನ್ನು ಅಪ್ಪ ಅಮ್ಮ ಕೂತಲ್ಲಿಂದ ಏಳದೆ ದಾಟಿದರು. ನನ್ನ ಮಟ್ಟಿಗೆ ಈ ರೈಲಿಗೆ ಕೊಟ್ಟ ಹಣ ಸಾರ್ಥಕವಾದದ್ದು ಆ ಕೆಲವು ನಿಮಿಷಗಳಲ್ಲಿ. ಮುಂದೆ ವೈಟ್ ರಾಕ್‌ನಲ್ಲಿ ಹಳಿ ಕಡಲತೀರದ ಮರಳಿಗೇ ತಾಗಿಕೊಂಡಿದೆ. ಊರಿಗೆ ಹೆಸರು ಕೊಟ್ಟ ಬಿಳಿಯ ಬಂಡೆಯೂ ಕಾಣುತ್ತದೆ. ಫ್ರೇಜರ್ ನದಿಯ ಮೇಲಿನ ಹಳೆಯ ತಿರುಗು ಸೇತುವೆಯಲ್ಲಿ ರೈಲು ಬಹಳ ನಿಧಾನವಾಗುತ್ತದೆ, ದೋಣಿಗಳಿಗೆ ಸೇತುವೆ ತೆರೆದಿದ್ದರೆ ಕಾಯಬೇಕಾಗುತ್ತದೆ. ವೇಳಾಪಟ್ಟಿ ನಾಲ್ಕು ಗಂಟೆ ಚಿಲ್ಲರೆ ಎಂದರೆ ಐದು ಗಂಟೆಗೆ ಮನಸ್ಸನ್ನು ಸಿದ್ಧಮಾಡಿಕೊಳ್ಳುವುದು ಒಳ್ಳೆಯದು.

ಕೆನಡಾದ ತಪಾಸಣೆ ನಡೆಯುವುದು ಕೊನೆಯ ನಿಲ್ದಾಣವಾದ ಪೆಸಿಫಿಕ್ ಸೆಂಟ್ರಲ್‌ನಲ್ಲಿ. ರೈಲಿನ ಎಲ್ಲ ಪ್ರಯಾಣಿಕರೂ ಒಂದೇ ಸಾಲಿಗೆ ಬರುವುದರಿಂದ, ನಿಲ್ಲಲಾಗದ ಹಿರಿಯರಿದ್ದರೆ ಗಾಲಿಕುರ್ಚಿಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಡಬೇಕು; ನಾವು ಅಮ್ಮನಿಗಾಗಿ ಕೇಳಿದ್ದೆವು, ಸಿಬ್ಬಂದಿ ಬಹಳ ಸೌಜನ್ಯದಿಂದ ನಡೆದುಕೊಂಡರು. ಆಹಾರವನ್ನು ಮುಚ್ಚಿಡದೆ ಹೇಳಿಬಿಡಿ. ಅಮ್ಮನ ಚೀಲದಲ್ಲಿದ್ದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆಗಳನ್ನೆಲ್ಲ ನಾವು ಬಾಯಿಬಿಟ್ಟು ಹೇಳಿದೆವು, ಅಧಿಕಾರಿ ನೋಡಿ ಬಿಟ್ಟುಕೊಟ್ಟರು. ಹಣ್ಣುಗಳನ್ನು ಮಾತ್ರ ರೈಲಿನಲ್ಲೇ ತಿಂದು ಮುಗಿಸಿದ್ದೆವು.

ನಿಲ್ದಾಣದ ಎದುರಿಗೇ ಸ್ಕೈಟ್ರೇನ್ ಎಂಬ ನಗರ ರೈಲು ಇದೆ. ವಾಟರ್‌ಫ್ರಂಟ್ ನಿಲ್ದಾಣದಲ್ಲಿ ಇಳಿದರೆ ಹಡಗುಕಟ್ಟೆಯಾದ ಕೆನಡಾ ಪ್ಲೇಸ್ ಪಕ್ಕದಲ್ಲೇ. ಪೆಟ್ಟಿಗೆಗಳು ಹೆಚ್ಚಿದ್ದರಿಂದ ನಾವು ಟ್ಯಾಕ್ಸಿ ಹಿಡಿದೆವು, ದೂರ ಮೂರು ಕಿಲೋಮೀಟರ್ ಆಸುಪಾಸು. ಮರುದಿನ ಬೆಳಗ್ಗೆ ಕೆನಡಾ ಪ್ಲೇಸ್‌ನ ಬಿಳಿಯ ಹಾಯಿಗಳಂಥ ಚಾವಣಿಯ ಕೆಳಗೆ ಇನ್ನೊಂದು ಸಾಲು ಕಾದಿತ್ತು, ಏಕೆಂದರೆ ಅಲಾಸ್ಕಾಕ್ಕೆ ಹೋಗುವವರ ಅಮೆರಿಕ ಪ್ರವೇಶದ ತಪಾಸಣೆ ಹಡಗು ಹತ್ತುವ ಮೊದಲೇ ಅಲ್ಲಿ ನಡೆಯುತ್ತದೆ. ಅಂದು ಕಟ್ಟೆಯಲ್ಲಿ ಮೂರು ಹಡಗುಗಳಿದ್ದವು. ಹತ್ತೂವರೆಗೆ ಸಾಲಿಗೆ ಸೇರಿದ ನಾವು ಹನ್ನೆರಡರ ಹೊತ್ತಿಗೆ ಒಳಗಿದ್ದೆವು. ಹಡಗು ಹೊರಡಲು ಇನ್ನೂ ನಾಲ್ಕು ಗಂಟೆಗಳಿದ್ದವು, ಅಮ್ಮ ಕೋಣೆಗೆ ಹೋಗಿ ಕಾಲು ಚಾಚಿ ಮಲಗಿದರು.